ಒಂದೂ ಕಿತ್ತಲೆ ಗಿಡವಿಲ್ಲದ ನಮ್ಮ ‘ಸಂತ್ರಿ ತೋಟ’ದ ಇತಿಹಾಸವನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ: ಬಾವಿಕಟ್ಟೆ, ಧಾರವಾಡ

ಎಲ್ಲರಿಗೂ ನಮಸ್ಕಾರ. ಧಾರವಾಡದಿಂದ ಕಲಘಟಗಿಯ ಕಡೆಗೆ ಹೋಗುವಾಗ ಎರೆಭೂಮಿ ಹಿಂದೆ ಸರಿದು ಮಸಾರಿ ತೊಡಗುತ್ತದೆ; ಅಲ್ಲಿನ ಒಂದು ಹಳ್ಳಿಯಲ್ಲಿ ನಮ್ಮ ಮನೆತನದ 4 ಎಕರೆ 12 ಗುಂಟೆ ಜಮೀನಿದೆ. ಊರಿನಲ್ಲಿ ಅದನ್ನು ‘ಸಂತ್ರಿ ತೋಟ’ ಎಂದಲ್ಲದೆ ಬೇರೆ ಹೆಸರಿನಿಂದ ಯಾರೂ ಕರೆದದ್ದನ್ನು ನಾನು ಕೇಳಿಲ್ಲ. ಸಂತ್ರಿ ಎಂದರೆ ಕಿತ್ತಲೆ, ಆದರೆ ಆ ತೋಟದಲ್ಲಿ ಒಂದೇ ಒಂದು ಕಿತ್ತಲೆ ಗಿಡವನ್ನೂ ನಾನು ಕಂಡವನಲ್ಲ. ಈಗ ಅಲ್ಲಿರುವುದು 28 ಆಪೂಸ್ ಮಾವಿನ ಮರಗಳು, ಬದುವಿನ ಗುಂಟ ಪೇರಲ, ನಾಲ್ಕಾರು ಚಿಕ್ಕು ಗಿಡಗಳು, ಉಳಿದ ಜಾಗದಲ್ಲಿ ಮಳೆಗಾಲದ ಗೋವಿನಜೋಳ.

ನನ್ನ ತಂದೆಯವರಿಗೆ ಈಗ 78 ವರ್ಷ. ಅವರ ತಲೆಮಾರಿನಲ್ಲಿ ಮೂವರು ಅಣ್ಣತಮ್ಮಂದಿರು, ಇಬ್ಬರು ಅಕ್ಕತಂಗಿಯರು. ದೀಪಾವಳಿ ಮುಗಿದ ಮೇಲೆ ವಾಟಣಿ (ಆಸ್ತಿಯ ಪಾಲು) ಮಾಡಿಕೊಳ್ಳುವುದೆಂದು ಐವರೂ ಒಪ್ಪಿದ್ದಾರೆ. ತೋಟವು ಐದು ಹಿಸ್ಸೆಯಾಗುವ ಮೊದಲು ಅದರ ಇತಿಹಾಸವನ್ನು ಒಂದು ಕಡೆ ಬರೆದಿಡಬೇಕೆಂಬುದು ನನ್ನ ಆಸೆ: ಕಿತ್ತಲೆಯನ್ನು ಯಾರು, ಯಾವಾಗ ಹಚ್ಚಿದರು, ಎಷ್ಟು ವರ್ಷ ಫಲ ಬಂತು, ಏಕೆ ಹೋಯಿತು.

ಮನೆಯಲ್ಲಿ ಎರಡು ಕಥೆಗಳಿವೆ. ಮುತ್ತಜ್ಜ ನಾಗಪುರಕ್ಕೆ ಹೋಗಿ ರೈಲಿನಲ್ಲಿ ಸಸಿ ತಂದರೆಂದು ದೊಡ್ಡಪ್ಪ ಹೇಳುತ್ತಾರೆ. ಕೊಡಗಿನಿಂದ ಬಂದ ಅತಿಥಿಯೊಬ್ಬರು ಕೊಟ್ಟ ಹಣ್ಣಿನ ಬೀಜ ಊರಿದ್ದೇ ತೋಟವಾಯಿತೆಂದು ಕಾಕಾ ಹೇಳುತ್ತಾರೆ. ಮೂರನೆಯ ಕಥೆಯೊಂದಿದೆ, ಅದನ್ನು ಎಲ್ಲರೂ ಒಂದೇ ರೀತಿಯಲ್ಲಿ ಹೇಳುತ್ತಾರೆ. ಮುತ್ತಜ್ಜ ಕಷ್ಟಪಟ್ಟು ಬೆಳೆಸಿದ ತೋಟವನ್ನು ಅಜ್ಜ ಸರಿಯಾಗಿ ನೋಡಿಕೊಳ್ಳದೆ ಒಣಗಿಸಿಬಿಟ್ಟರು ಎಂಬುದೇ ಆ ಕಥೆ. ಅಜ್ಜ ತೀರಿಕೊಂಡು ಮೂವತ್ತು ವರ್ಷಗಳ ಮೇಲಾಯಿತು. ಇಂದಿಗೂ ಯಾರಾದರೂ ಕೆಲಸದಲ್ಲಿ ಹಿಂದೆ ಬಿದ್ದರೆ ನಮ್ಮ ಮನೆಯಲ್ಲಿ ‘ಸಂತ್ರಿ ತ್ವಾಟ ಮಾಡಬ್ಯಾಡ’ ಎನ್ನುತ್ತಾರೆ. ನನ್ನನ್ನು ಹೆಗಲ ಮೇಲೆ ಹೊತ್ತು ತೋಟ ತಿರುಗಿಸಿದ ಅಜ್ಜನ ಬಗ್ಗೆ ಆ ಮಾತು ಬಂದಾಗಲೆಲ್ಲ ನನಗೆ ನೋವಾಗುತ್ತದೆ. ಅದು ನಿಜವೇ ಆಗಿದ್ದರೆ ನಿಜವೆಂದೇ ಬರೆಯುತ್ತೇನೆ, ಆದರೆ ಕೇಳಿದ ಮಾತನ್ನಷ್ಟೇ ನಂಬಿ ಬರೆಯಲಾರೆ.

ನನ್ನ ಬಳಿ ಇರುವುದು ಇಂದಿನ ಗಣಕೀಕೃತ ಪಹಣಿ ಮತ್ತು ಒಂದು ತಗಡಿನ ಟ್ರಂಕಿನಲ್ಲಿ ಮುತ್ತಜ್ಜನ ಜಮಾಖರ್ಚಿನ ವಹಿಗಳು. ವಹಿಗಳಲ್ಲಿ ಇಸವಿ ಇಲ್ಲ, ಸಂವತ್ಸರದ ಹೆಸರುಗಳಿವೆ. ಕೆಲವು ಪುಟಗಳ ಅಕ್ಷರ ನನಗೆ ಓದಲು ಬರುವುದಿಲ್ಲ. ತೋಟದಲ್ಲಿ ಕಲ್ಲು ಕಟ್ಟಿದ ಬಾವಿಯಿದೆ. ಎತ್ತು ಹೂಡಿ ನೀರೆತ್ತುವ ಕಪಲಿಯ ಹಗ್ಗ ಸವೆಸಿದ ಗೆರೆಗಳು ಅದರ ದಂಡೆಯ ಕಲ್ಲಿನಲ್ಲಿ ಬೆರಳು ಹೂತುಹೋಗುವಷ್ಟು ಆಳವಾಗಿವೆ. ಬಾವಿಯ ಪಕ್ಕದಲ್ಲಿ ಒಂದು ಮುಳ್ಳಿನ ಗಿಡವಿದೆ. ಅದರ ಒರಟು ಸಿಪ್ಪೆಯ ಹುಳಿಕಾಯಿಯನ್ನು ಅಮ್ಮ, ಅಂದರೆ ನನ್ನ ಅಜ್ಜಿ, ಉಪ್ಪಿನಕಾಯಿಗೆ ಬಳಸುತ್ತಿದ್ದರು. ನಾವು ಅದನ್ನು ಕಾಡಲಿಂಬಿ ಎನ್ನುತ್ತೇವೆ. ಇಷ್ಟರಿಂದ ಇತಿಹಾಸ ಬರೆಯಲು ಸಾಧ್ಯವೇ? ಎಲ್ಲಿಂದ ತೊಡಗಬೇಕು?

ಉತ್ತರ: ಹಳೆಯ ಸರಪಳಿ, ಗದಗ

ನಾನು ಭೂಮಾಪನ ಇಲಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ತಮ್ಮ ಪ್ರಶ್ನೆಯ ಅರ್ಧಭಾಗಕ್ಕೆ ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಉತ್ತರ ಸಿಗಬೇಕು. ಗಣಕೀಕೃತ ಪಹಣಿ ಬಂದದ್ದು ‘ಭೂಮಿ’ ಯೋಜನೆಯೊಂದಿಗೆ, 2000ದ ಸುಮಾರಿಗೆ. ತಮಗೆ ಬೇಕಾದದ್ದು ಅದಕ್ಕಿಂತ ಹಿಂದಿನ ಕೈಬರಹದ ಉತಾರಗಳು (ಹಳೆಯ ಪಹಣಿಗಳು) ಮತ್ತು ಹಕ್ಕು ಬದಲಾವಣೆಯ ವಹಿ. ಇಂದಿನ ಪಹಣಿಯಲ್ಲಿರುವ ಎಂ.ಇ. ನಂಬರನ್ನು, ಅಂದರೆ ಹಕ್ಕು ಬದಲಾವಣೆಯ ನಮೂದಿನ ಸಂಖ್ಯೆಯನ್ನು, ಹಿಡಿದು ಅದರ ಹಿಂದಿನ ನಮೂದಿಗೆ, ಅಲ್ಲಿಂದ ಅದರ ಹಿಂದಿನದಕ್ಕೆ, ಹೀಗೆ ಮೆಟ್ಟಿಲು ಇಳಿದಂತೆ ಇಳಿಯಬೇಕು. ನಡುವೆ ಎಲ್ಲಿಯಾದರೂ ಹಿಸ್ಸಾ ನಂಬರ್ ಬದಲಾಗಿದ್ದರೆ ಆ ಕೊಂಡಿ ತಪ್ಪುತ್ತದೆ. ಅಲ್ಲಿ ಫೋಡಿಯ (ಜಮೀನು ಒಡೆದು ಬೇರೆ ನಂಬರ್ ಕೊಟ್ಟ) ಕಾಗದ ನೋಡಿ ಹಳೆಯ ನಂಬರನ್ನು ಖಚಿತ ಮಾಡಿಕೊಂಡೇ ಮುಂದೆ ಹೋಗಬೇಕು.

ನಮ್ಮ ಧಾರವಾಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿಗೆ ಸೇರಿತ್ತೆಂಬುದನ್ನು, ಗದಗ ಮತ್ತು ಹಾವೇರಿ ಅದರಿಂದ ಬೇರೆಯಾದದ್ದು 1997ರಲ್ಲೆಂಬುದನ್ನು ಮರೆಯಬಾರದು, ಏಕೆಂದರೆ ಕಾಗದ ಎಲ್ಲಿದೆ, ಯಾವ ನಮೂನೆಯಲ್ಲಿದೆ ಎಂಬುದು ಇದನ್ನೇ ಅವಲಂಬಿಸಿರುತ್ತದೆ. ಮುಂಬಯಿ ಪ್ರಾಂತ್ಯದಲ್ಲಿ ಹಕ್ಕುದಾಖಲೆಯ ಕಾಯ್ದೆ ಬಂದದ್ದು 1903ರಲ್ಲಿ. ಆದ್ದರಿಂದ ತಮ್ಮ ಮುತ್ತಜ್ಜನ ಕಾಲದ ನಮೂದುಗಳು ಉಳಿದಿರಲು ಅವಕಾಶವಿದೆ. ಅಂದಿನ ಉತಾರದಲ್ಲಿ ಎರಡು ಭಾಗಗಳಿರುತ್ತವೆ: ಒಂದು ಕಬ್ಜೆದಾರರದು, ಇನ್ನೊಂದು ಆಯಾ ವರ್ಷದ ಪೀಕಿನದು. ಜನರು ಮೊದಲನೆಯದನ್ನು ಮಾತ್ರ ನಕಲು ಮಾಡಿಸಿಕೊಂಡು ಬರುತ್ತಾರೆ. ತಮಗೆ ಪೀಕಿನ ಭಾಗವೇ ಮುಖ್ಯ. ಎಷ್ಟು ಎಕರೆಯಲ್ಲಿ ಯಾವ ಬೆಳೆ ಇತ್ತೆಂದು ವರ್ಷವರ್ಷಕ್ಕೆ ಅಲ್ಲಿ ಬರೆದಿರುತ್ತಾರೆ. ಭೂಮಿಯ ವರ್ಗ ಜಿರಾಯತ್ (ಮಳೆಯಾಶ್ರಿತ) ಇದ್ದದ್ದು ಬಾಗಾಯತ್ (ನೀರಾವರಿ ತೋಟ) ಆಗಿದ್ದರೆ, ಬಾವಿಯ ನೀರು ತೋಟಕ್ಕೆ ಹರಿದದ್ದು ಯಾವಾಗ ಎಂಬುದಕ್ಕೆ ಅದೊಂದು ಸಾಕ್ಷಿ.

ಇತರ ಹಕ್ಕುಗಳ ಕಲಮನ್ನು ವಿಶೇಷವಾಗಿ ನೋಡಿರಿ. ಬಾವಿ ತೋಡಲು ಸರಕಾರದಿಂದ ತಗಾವಿ ಸಾಲ ಪಡೆಯುವ ರೂಢಿ ಅಂದು ವ್ಯಾಪಕವಾಗಿತ್ತು. ಭೂಸುಧಾರಣೆಯ ಸಾಲಕ್ಕೆ 1883ರ ಕಾಯ್ದೆಯೇ ಇತ್ತು. ಆ ಸಾಲದ ಬೋಜಾ ಭೂಮಿಯ ಮೇಲೆ ದಾಖಲಾಗುತ್ತಿತ್ತು, ತೀರಿದ ಮೇಲೆ ಕಮ್ಮಿಯಾಗುತ್ತಿತ್ತು. ಬಾವಿ ಇಲ್ಲದೆ ಕಿತ್ತಲೆ ಇಲ್ಲ, ಹೀಗಾಗಿ ಬಾವಿಯ ತಾರೀಖು ಸಿಕ್ಕರೆ ತೋಟದ ತಾರೀಖು ಅದರ ಹಿಂದೆಯೇ ಇರುತ್ತದೆ. ಊರಿನ ಸಹಕಾರಿ ಸಂಘದ ಹಳೆಯ ಸಾಲದ ವಹಿಗಳಿದ್ದರೆ ಅವನ್ನೂ ಬಿಡಬೇಡಿರಿ. ನಮ್ಮ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರಿ ಸಂಘ ಕಟ್ಟಿದ ಮೇಲೆ ಈ ಭಾಗದ ಅನೇಕ ಹಳ್ಳಿಗಳ ರೈತರ ವ್ಯವಹಾರ ಸಂಘದ ಪುಸ್ತಕಗಳಲ್ಲಿ ಕುಳಿತಿದೆ.

ಓದುವಾಗ ಎರಡು ಸಂಕ್ಷೇಪಗಳು ತಮ್ಮನ್ನು ತಡೆಯಬಹುದು. ‘ಏ.ಕು.ಮ್ಯಾ.’ ಎಂದರೆ ಏಕತ್ರ ಕುಟುಂಬದ ಮ್ಯಾನೇಜರ್. ‘ಅ.ಪಾ.ಕ.’ ಎಂದರೆ ಅಜ್ಞಾನ ವಾರಸುದಾರರ ಪಾಲನಕರ್ತ. ಮಕ್ಕಳು ಚಿಕ್ಕವರಿದ್ದಾಗ ಗಂಡನನ್ನು ಕಳೆದುಕೊಂಡ ತಾಯಿಯ ಹೆಸರು ಹೀಗೆ ಬರುತ್ತದೆ. ಒಂದು ಮನೆತನದವರು ತಮ್ಮ ಹೊಲ ಪೇಶ್ವೆಯರ ಕಾಲದ ಇನಾಮೆಂದು ಹೇಳುತ್ತಿದ್ದರು. ನಮೂದು ಇಳಿದು ನೋಡಿದರೆ ಅದು ಖರೀದಿ ಜಮೀನು, ಖರೀದಿಸಿದವಳು ಒಬ್ಬ ವಿಧವೆ. ಬೋರಮಾಳ ಮಾರಿ ಹೊಲ ಹಿಡಿದ ಆ ತಾಯಿಯ ಹೆಸರು ಮೊಮ್ಮಕ್ಕಳಿಗೆ ಗೊತ್ತೇ ಇರಲಿಲ್ಲ. ತುಂಬ ಹಳೆಯ ಕಾಗದಗಳು ಮೋಡಿ ಎಂಬ ಹಳೆಯ ಮರಾಠಿ ಲಿಪಿಯಲ್ಲಿದ್ದರೆ ಬಲ್ಲವರಿಂದ ಓದಿಸಿರಿ, ಊಹಿಸಬೇಡಿರಿ.

ಕೊನೆಯದಾಗಿ, ಹಳೆಯ ಗಿಡಗಳ ಗುಂಡಿಯೋ ದಿಬ್ಬವೋ ಕಾಣಿಸಿದರೆ ಟೇಪು ಹಿಡಿದು ಅಳೆಯಿರಿ. ನಾವು ಅಳೆಯುತ್ತಿದ್ದ ಸರಪಳಿ 33 ಅಡಿಯದು, ಅದಕ್ಕೆ 16 ಆಣೆ. ಸರಪಳಿ ಉದ್ದ, ಸರಪಳಿ ಅಗಲ ಸೇರಿದರೆ ಒಂದು ಗುಂಟೆ. ಭೂಮಿಯ ಮೇಲಿನ ಅಂತರವೂ ಒಂದು ದಾಖಲೆಯೇ.

ಉತ್ತರ: ಕಣ್ಣುಕಸಿ, ಹಾವೇರಿ

ತೋಟಗಾರಿಕೆ ಓದಿ, ಇಪ್ಪತ್ತೆರಡು ವರ್ಷಗಳಿಂದ ಸಸಿ ಬೆಳೆಸುವ ಕೆಲಸದಲ್ಲಿರುವ ನನಗೆ ತಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಆ ಕಾಡಲಿಂಬಿ. ಬಾವಿಯ ಪಕ್ಕ, ಮುಳ್ಳು, ಒರಟು ಸಿಪ್ಪೆ, ಹುಳಿ: ಈ ನಾಲ್ಕೂ ಸೇರಿದರೆ ಅದು ಜಂಬೇರಿ ಆಗಿರಬಹುದು. ಜಂಬೇರಿಯನ್ನು ಹಣ್ಣಿಗಾಗಿ ಯಾರೂ ಸಾಲಿನಲ್ಲಿ ಹಚ್ಚುವುದಿಲ್ಲ. ಅದು ಕಿತ್ತಲೆಗೆ ಬೇರುಸಸಿ. ಜಂಬೇರಿಯ ಬೀಜ ಊರಿ, ಸಸಿ ಸೀಸಕಡ್ಡಿಯ ದಪ್ಪವಾದಾಗ ತೊಗಟೆಯನ್ನು ‘ಟಿ’ ಆಕಾರದಲ್ಲಿ ಸೀಳಿ, ಒಳ್ಳೆಯ ಕಿತ್ತಲೆಯ ಒಂದೇ ಒಂದು ಕಣ್ಣನ್ನು ಅದರೊಳಗೆ ಕೂರಿಸಿ ಕಟ್ಟುತ್ತೇವೆ. ಕಣ್ಣು ಹತ್ತಿದ ಮೇಲೆ ಮೇಲಿನ ಜಂಬೇರಿಯ ತಲೆಯನ್ನು ಕತ್ತರಿಸುತ್ತೇವೆ. ಅಲ್ಲಿಂದ ಮುಂದೆ ನೆಲದ ಕೆಳಗೆ ಜಂಬೇರಿ, ಮೇಲೆ ಕಿತ್ತಲೆ. ಆದರೆ ಕಸಿ ಮಾಡಿದ ಜಾಗದ ಕೆಳಗಿನಿಂದ ಚಿಗುರು ಬರುತ್ತಲೇ ಇರುತ್ತದೆ, ಅದನ್ನು ಆಗಾಗ ಚಿವುಟುತ್ತಿರಬೇಕು. ಚಿವುಟುವ ಕೈ ನಿಂತಾಗ, ಅಥವಾ ಮೇಲಿನ ಕಿತ್ತಲೆ ಒಣಗಿದಾಗ, ಕೆಳಗಿನ ಜಂಬೇರಿ ತಾನೇ ಎದ್ದು ಮರವಾಗುತ್ತದೆ.

ಆದ್ದರಿಂದ ತಾವು ತೋಟಕ್ಕೆ ಹೋಗಿ ಮೂರು ಸಂಗತಿಗಳನ್ನು ನೋಡಬೇಕೆಂದು ಕೋರುತ್ತೇನೆ. ಆ ಗಿಡಕ್ಕೆ ಒಂದೇ ಕಾಂಡವಿರದೆ, ಬುಡದಿಂದ ಹಲವು ಕಾಂಡಗಳು ಸುತ್ತುಗಟ್ಟಿ ಎದ್ದಿವೆಯೇ? ಅವುಗಳ ನಡುವೆ ಸತ್ತ ಕೊರಡೋ ಟೊಳ್ಳೋ ಇದೆಯೇ? ಹಳೆಯ ಗಿಡಗಳ ದಿಬ್ಬಗಳೇನಾದರೂ ಉಳಿದಿದ್ದರೆ ಈ ಗಿಡ ಅವುಗಳ ಸಾಲಿನಲ್ಲೇ ನಿಂತಿದೆಯೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ, ತಮ್ಮ ತೋಟದಲ್ಲಿ ಕಿತ್ತಲೆ ಪೂರ್ತಿ ಹೋಗಿಲ್ಲ, ಅದರ ಬೇರು ಇನ್ನೂ ಜೀವಂತವಾಗಿದೆ ಎಂದೇ ಅರ್ಥ. ಕಾಕಾ ಅವರ ಕಥೆ ನಿಲ್ಲುವುದಿಲ್ಲವೆಂದೂ ಆಗ ಹೇಳಬಹುದು, ಏಕೆಂದರೆ ಕೊಡಗಿನಲ್ಲಿ ಕಾಫಿಯ ನಡುವೆ ಕಿತ್ತಲೆಯನ್ನು ಹಿಂದಿನಿಂದಲೂ ಬೀಜದ ಸಸಿಯಿಂದಲೇ ಬೆಳೆಸುತ್ತ ಬಂದಿದ್ದಾರೆ. ಬೀಜದಿಂದ ಬಂದ ಕಿತ್ತಲೆಯ ಬೇರೂ ಕಿತ್ತಲೆಯೇ, ಅದರ ಬುಡದಿಂದ ಜಂಬೇರಿ ಏಳಲಾರದು.

ಇನ್ನು ಅಜ್ಜನವರ ಮೇಲಿನ ಮಾತು. ಕಿತ್ತಲೆ ತೋಟ ಒಣಗಿತೆಂದರೆ ನೋಡಿಕೊಂಡವನ ತಪ್ಪೆಂದು ತೀರ್ಮಾನಿಸುವುದು ಅನ್ಯಾಯ. ಈ ಜಾತಿಯ ಗಿಡಗಳಿಗೆ ಬರುವ ರೋಗಗಳಲ್ಲಿ ಎರಡು ಮನುಷ್ಯನ ದುಡಿಮೆಗೆ ಬಗ್ಗುವಂಥವಲ್ಲ. ಒಂದು ಟ್ರಿಸ್ಟೆಜಾ ಎಂಬ ವೈರಸ್ಸು, ಗಿಡಹೇನು ಹರಡುವುದು. ಇನ್ನೊಂದು ಗ್ರೀನಿಂಗ್ ಎಂದು ಕರೆಯುವ ಬ್ಯಾಕ್ಟೀರಿಯಾದ ರೋಗ. ಎಳೆಯ ಚಿಗುರಿನ ರಸ ಹೀರುವ ಸಿಲ್ಲಾ ಎಂಬ ಸಣ್ಣ ಕೀಟ ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ರೋಗ ತಗುಲಿದ ಗಿಡದಿಂದ ಕಸಿಯ ಕಣ್ಣು ತೆಗೆದರೂ ಅದು ಸಸಿಯೊಳಗೆ ಬರುತ್ತದೆ. ಗ್ರೀನಿಂಗ್ ಹೊಕ್ಕ ಗಿಡವನ್ನು ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಎಲೆಯ ಮೇಲೆ ಒಂದು ಮಗ್ಗುಲಿಗೆ ಒಂದು ರೀತಿ, ಇನ್ನೊಂದು ಮಗ್ಗುಲಿಗೆ ಇನ್ನೊಂದು ರೀತಿ ಹಳದಿ ಮಚ್ಚೆ ಬೀಳುತ್ತದೆ, ಕಾಯಿ ಸೊಟ್ಟಗಾಗಿ ಸಣ್ಣಗೆ ಉಳಿಯುತ್ತದೆ, ಹಣ್ಣಾಗುವ ಹೊತ್ತಿಗೂ ಅದರ ಕೆಳಭಾಗ ಹಸಿರಾಗಿಯೇ ಇರುತ್ತದೆ, ರೆಂಬೆ ತುದಿಯಿಂದ ಹಿಂದಕ್ಕೆ ಒಣಗುತ್ತ ಬರುತ್ತದೆ. ಕೊಡಗಿನ ಕಿತ್ತಲೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದ್ದರೂ ತೋಟಗಳು ಕುಗ್ಗಿದ್ದು ಇಂಥ ಕಾರಣಗಳಿಂದಲೇ. ನಾನೇ ಒಮ್ಮೆ ಬೇರೊಂದು ನರ್ಸರಿಯಿಂದ ತಂದು ಹಚ್ಚಿದ ಒಂದು ಎಕರೆ ಮೋಸಂಬಿಯನ್ನು, ನೀರು ಗೊಬ್ಬರಕ್ಕೆ ಏನೂ ಕಡಿಮೆ ಮಾಡದಿದ್ದರೂ, ಆರನೆಯ ವರ್ಷ ಕಿತ್ತು ಸುಡಬೇಕಾಯಿತು. ಆ ದಿನ ನನ್ನ ತಂದೆಯವರು ಹೊಲದ ಕಡೆಗೆ ಬರಲಿಲ್ಲ.

ಉತ್ತರ: ಉಡಿಯಕ್ಕಿ, ಹುಬ್ಬಳ್ಳಿ

ದೊಡ್ಡಪ್ಪ ಹೇಳಿದ್ದು, ಕಾಕಾ ಹೇಳಿದ್ದು ಎರಡನ್ನೂ ಬರೆದಿದ್ದೀರಿ. ಇಬ್ಬರು ಸೋದರತ್ತೆಯರೂ ಇದ್ದಾರೆಂದು ಬರೆದಿದ್ದೀರಿ, ಆದರೆ ಅವರು ಏನು ಹೇಳುತ್ತಾರೆಂಬುದು ಎಲ್ಲಿಯೂ ಬಂದಿಲ್ಲ. ದಯವಿಟ್ಟು ಮೊದಲು ಅವರ ಬಳಿ ಹೋಗಿರಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನನ್ನ ತವರುಮನೆಯದೂ ಪೇರಲದ ತೋಟ. ಕೆಲವು ವರ್ಷಗಳ ಹಿಂದೆ ನನ್ನ ಅಣ್ಣಂದಿರು ತೋಟದ ಚರಿತ್ರೆಯೆಂದು ಒಂದು ಪುಸ್ತಿಕೆ ಮಾಡಿಸಿದರು. ಅದರಲ್ಲಿ ನಾಲ್ಕು ತಲೆಮಾರಿನ ಗಂಡಸರ ಹೆಸರುಗಳು, ಖರೀದಿಯ ತಾರೀಖುಗಳು, ಬೋರ್‌ವೆಲ್ಲಿನ ಆಳ ಎಲ್ಲವೂ ಇವೆ. ನಸುಕಿನಲ್ಲಿ ಎದ್ದು ಹಣ್ಣು ಆರಿಸಿ, ಬುಟ್ಟಿಗೆ ಎಲೆ ಹಾಸಿ ಜೋಡಿಸಿ, ತಲೆಯ ಮೇಲೆ ಹೊತ್ತು ಪೇಟೆಗೆ ಮಾರಲು ಹೋಗುತ್ತಿದ್ದ ನಮ್ಮ ಅವ್ವನ ಮತ್ತು ಅತ್ತೆಯ ಒಂದು ಸಾಲೂ ಇಲ್ಲ. ಹೆಣ್ಣುಮಕ್ಕಳಿಗೆ ಸಮಾನ ಪಾಲು ಕೊಡುವ ಕಾಯ್ದೆ 1994ರಲ್ಲಿ ನಮ್ಮ ರಾಜ್ಯದಲ್ಲಿ, 2005ರಲ್ಲಿ ದೇಶಕ್ಕೆಲ್ಲ ಬಂತು. ಪಹಣಿಯಲ್ಲಿ ನಮ್ಮ ಹೆಸರುಗಳು ಈಗ ಬರತೊಡಗಿವೆ. ಹಳೆಯ ಉತಾರದಲ್ಲಿ ಮಾತ್ರ ನಾವು ಸಿಗುವುದು ವಿರಳ, ಹೀಗಾಗಿ ಕಾಗದವನ್ನಷ್ಟೇ ನಂಬಿದರೆ ಇತಿಹಾಸದ ಅರ್ಧ ಬಿಟ್ಟುಹೋಗುತ್ತದೆ.

ಅತ್ತೆಯವರನ್ನು ಕೇಳುವಾಗ ‘ಯಾವ ಇಸವಿ?’ ಎಂದು ಕೇಳಬೇಡಿರಿ. ‘ಯಾರ ಮದುವೆಯಲ್ಲಿ ನಮ್ಮ ತೋಟದ ಹಣ್ಣು ಇತ್ತು, ಯಾರ ಮದುವೆಯಲ್ಲಿ ಇರಲಿಲ್ಲ?’ ಎಂದು ಕೇಳಿರಿ. ಉಡಿ ತುಂಬುವಾಗ ಯಾವ ಹಣ್ಣು ಹಾಕಿದರೆಂಬುದನ್ನು ಹೆಂಗಸರು ಮರೆಯುವುದಿಲ್ಲ. ಮದುವೆಯ ವರ್ಷ ತಿಳಿದರೆ ತೋಟದ ವರ್ಷವೂ ತಿಳಿಯುತ್ತದೆ.

ಪ್ರಶ್ನೆ ಕೇಳಿದವರ ಮಾತು: ಬಾವಿಕಟ್ಟೆ (ಐದು ವಾರಗಳ ನಂತರ)

ಮೂವರಿಗೂ ಕೈಮುಗಿಯುತ್ತೇನೆ. ತಾವು ಹೇಳಿದ ಮೂರೂ ದಾರಿ ಹಿಡಿದೆ. ಸಿಕ್ಕದ್ದನ್ನು ಇಲ್ಲಿ ಇಡುತ್ತೇನೆ.

ಕಳೆದ ರವಿವಾರ ದೊಡ್ಡ ಸೋದರತ್ತೆಯನ್ನು ಕರೆದುಕೊಂಡು ತೋಟಕ್ಕೆ ಹೋಗಿದ್ದೆ. ಅವರಿಗೆ 86 ವರ್ಷ, ಮೊಣಕಾಲು ನೋವಿನಿಂದ ಹತ್ತು ವರ್ಷ ಅಲ್ಲಿಗೆ ಬಂದಿರಲಿಲ್ಲ. ಕಾಡಲಿಂಬಿಯ ಬುಡದ ಕಸ ತೆಗೆದು ನೋಡಿದೆವು. ನಾಲ್ಕು ಕಾಂಡಗಳು ವೃತ್ತಾಕಾರವಾಗಿ ಎದ್ದಿವೆ, ನಡುವೆ ಒಂದು ಮೊಳ ಅಗಲದ ಟೊಳ್ಳು, ಅದರೊಳಗೆ ಕೈ ಹಾಕಿದರೆ ಪುಡಿಯಾಗುವ ಕಪ್ಪು ಕೊರಡು. ಮಾವಿನ ನೆರಳಿನಾಚೆ ಉಳುಮೆಯಾಗದ ಪಟ್ಟಿಯಲ್ಲಿ ಮೂರು ದಿಬ್ಬಗಳು ಸಿಕ್ಕವು. ಒಂದರಿಂದ ಒಂದಕ್ಕೆ ಸರಿಯಾಗಿ 20 ಅಡಿ. ಕಡೆಯ ದಿಬ್ಬದಿಂದ ಕಾಡಲಿಂಬಿಗೆ 60 ಅಡಿ, ಅದೇ ಸಾಲಿನಲ್ಲಿ.

ದಾಖಲೆಗಳಲ್ಲಿ 1931ರಲ್ಲಿ ಮುತ್ತಜ್ಜನ ಹೆಸರಿನ ಮೇಲೆ ಬಾವಿಗಾಗಿ ತಗಾವಿಯ ಬೋಜಾ ಇದೆ. ಪೀಕಿನ ಭಾಗದಲ್ಲಿ ‘ಸಂತ್ರಿ 2 ಎಕರೆ’ ಎಂಬ ನಮೂದು 1953-54ರವರೆಗೆ ಇದೆ, ಬಳಿಕ ನಾಲ್ಕು ವರ್ಷ ‘ಪಡ’ (ಬೀಳು), 1958-59ರಿಂದ ‘ಮಾವು’. ಮುತ್ತಜ್ಜ ತೀರಿಕೊಂಡು ಅಜ್ಜನ ಹೆಸರು ವಾರಸಾ ಆದದ್ದು 1951ರಲ್ಲಿ.

ಟ್ರಂಕಿನ ವಹಿಗಳನ್ನು ಊರಿನ ಹಿರಿಯರೊಬ್ಬರು ಓದಿ ಕೊಟ್ಟರು. ಶ್ರೀಮುಖ ಸಂವತ್ಸರದ ಜ್ಯೇಷ್ಠ ಮಾಸದ ಪುಟದಲ್ಲಿ ‘ಸಂತ್ರಿ ಸಸಿ 220, ಪುಣೆ’ ಎಂದಿದೆ, ಅದರ ಕೆಳಗೆ ಧಾರವಾಡ ಸ್ಟೇಶನ್ನಿನಿಂದ ಎರಡು ಬಂಡಿಯ ಬಾಡಿಗೆ. ಶ್ರೀಮುಖ ಎಂದರೆ 1933-34. ಬಾವಿಯಾದ ಎರಡು ವರ್ಷಕ್ಕೆ. ನಾಗಪುರವೂ ಅಲ್ಲ, ಕೊಡಗೂ ಅಲ್ಲ. ವಿರೋಧಿ ಸಂವತ್ಸರದ ವಹಿಯಲ್ಲಿ, ಅದೇ ಮುತ್ತಜ್ಜನ ಅಕ್ಷರದಲ್ಲಿ, ‘ಒಣಗಿದ ಸಂತ್ರಿ 37 ಕಡಿದ ಕೂಲಿ’ ಎಂದು ರೂಪಾಯಿ ಆಣೆಯಲ್ಲಿ ಲೆಕ್ಕ ಬರೆದಿದೆ. ಅದು 1949-50. ಅಜ್ಜನ ಕೈಗೆ ತೋಟ ಬರುವುದಕ್ಕೆ ಇನ್ನೂ ಸಮಯವಿತ್ತು.

ಅತ್ತೆಗೆ ಉಡಿಯ ಪ್ರಶ್ನೆ ಕೇಳಿದೆ. ತಮ್ಮ ಸೋದರತ್ತೆಯ ಮದುವೆ ಗಾಂಧೀಜಿ ಹೋದ ಎರಡನೆಯ ತಿಂಗಳಿನಲ್ಲಿ, ಫಾಲ್ಗುಣದಲ್ಲಿ ಆಯಿತೆಂದೂ ಅಂದು ಹಂದರದ ತುಂಬ ಸಂತ್ರಿ ಬುಟ್ಟಿಗಳಿದ್ದವೆಂದೂ ಹೇಳಿದರು. ಅವರ ಸ್ವಂತ ಮದುವೆ ಏಕೀಕರಣದ ಮರುವರ್ಷ. ಆಗ ಉಡಿಗೆ ಹಾಕಿದ್ದು ಪೇಟೆಯ ಬಾಳೆಹಣ್ಣು. ರೋಗದ ಬಗ್ಗೆ ನಾನು ಏನನ್ನೂ ಸೂಚಿಸದೆ ಕೇಳಿದೆ. ಅವರು ತೋರುಬೆರಳನ್ನು ತುದಿಯಿಂದ ಬುಡದವರೆಗೆ ಮುಟ್ಟಿ ತೋರಿಸುತ್ತ ಹೇಳಿದ ಮಾತು ಇದು: ‘ಟೊಂಗಿ ತುದಿಯಿಂದ ಹಿಂದಕ್ಕ ಒಣಗ್ತಿತ್ತು. ಕಾಯಿ ಸೊಟ್ಟ ಆಗಿ, ತಳಾ ಹಸರ ಉಳೀತಿತ್ತು. ನಮ್ಮ ಅಜ್ಜ ಬೇವಿನ ಹಿಂಡಿ ಹಾಕಿದ್ರು, ಸುಣ್ಣಾ ಹಚ್ಚಿದ್ರು. ಅಪ್ಪ ರಾತ್ರಿ ಎಲ್ಲಾ ಕಪಲಿ ಹೊಡದು ನೀರ ಬಿಟ್ಟ. ಏನ ಮಾಡಿದ್ರೂ ನಿಲ್ಲಲಿಲ್ಲ.’

ಉತ್ತರ: ಕಣ್ಣುಕಸಿ, ಹಾವೇರಿ

ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ತಳ ಹಸಿರು ಉಳಿಯುವ ಸೊಟ್ಟ ಕಾಯಿ, ತುದಿಯಿಂದ ಒಣಗುವ ರೆಂಬೆ: ತಮ್ಮ ಅತ್ತೆಯವರು ಹೇಳಿದ್ದು ಗ್ರೀನಿಂಗ್‌ನ ಲಕ್ಷಣಗಳನ್ನೇ. ಅದಕ್ಕೆ ಬ್ಯಾಕ್ಟೀರಿಯಾ ಕಾರಣವೆಂಬುದು ತಿಳಿದದ್ದೇ ಅಜ್ಜನವರ ತೋಟ ಹೋಗಿ ದಶಕಗಳಾದ ಮೇಲೆ. ಬೇವಿನ ಹಿಂಡಿಗೂ ಕಪಲಿಯ ನೀರಿಗೂ ಅದು ನಿಲ್ಲುವಂಥದಾಗಿರಲಿಲ್ಲ.

ಉಳಿದ ವಿವರಗಳೂ ಒಂದಕ್ಕೊಂದು ಕೂಡುತ್ತವೆ. 20 ಅಡಿ ಅಂತರದಲ್ಲಿ ಎಕರೆಗೆ 108 ಗಿಡ ಕೂರುತ್ತವೆ, ಎರಡು ಎಕರೆಗೆ 216. ಮುತ್ತಜ್ಜ ನಾಲ್ಕು ಸಸಿ ಹೆಚ್ಚಿಗೆ ತರಿಸಿದ್ದಾರೆ. ಜ್ಯೇಷ್ಠದಲ್ಲಿ ತರಿಸಿದ್ದು ಮೃಗಶಿರಾ ಮಳೆಗೆ ಹಚ್ಚಲೆಂದು. ಮುಂಬಯಿ ಪ್ರಾಂತ್ಯದಲ್ಲಿ ಹಣ್ಣಿನ ಗಿಡಗಳ ಪ್ರಯೋಗ ನಡೆಯುತ್ತಿದ್ದ ಗಣೇಶಖಿಂಡ ಉದ್ಯಾನ ಪುಣೆಯಲ್ಲೇ ಇತ್ತು, ಅಲ್ಲಿಂದ ಮೀರಜ, ಬೆಳಗಾವಿ, ಲೋಂಡಾ ಮಾರ್ಗವಾಗಿ ಧಾರವಾಡಕ್ಕೆ ನೇರ ರೈಲುದಾರಿ. ಆದ್ದರಿಂದ ಪುಣೆಯ ಹೆಸರು ನನಗೆ ಸಹಜವಾಗಿಯೇ ಕಾಣುತ್ತದೆ. ಫಾಲ್ಗುಣದಲ್ಲಿ ಹಣ್ಣು ಬಂದಿತ್ತೆಂದರೆ ಅವರು ಹಿಡಿಯುತ್ತಿದ್ದದ್ದು ಮೃಗ ಬಹಾರ. ಬೇಸಿಗೆಯಲ್ಲಿ ನೀರು ನಿಲ್ಲಿಸಿ ಗಿಡವನ್ನು ಬಾಡಿಸಿ, ಮಳೆ ಬಿದ್ದೊಡನೆ ಹೂ ತರಿಸಿದರೆ ಹಣ್ಣು ಫೆಬ್ರುವರಿ, ಮಾರ್ಚಿಗೆ ಬರುತ್ತದೆ. ಚೈತ್ರ ವೈಶಾಖದಲ್ಲಿ ಬಾವಿಯ ನೀರು ತಳ ಹಿಡಿಯುವ ಊರಿನಲ್ಲಿ ಇದು ಬಲ್ಲವನ ಆಯ್ಕೆ.

ಅಜ್ಜನವರು ಆ ಜಾಗದಲ್ಲಿ ಮತ್ತೆ ಕಿತ್ತಲೆ ಹಚ್ಚದೆ, ನಾಲ್ಕು ವರ್ಷ ಪಡ ಬಿಟ್ಟು ಮಾವು ಹಚ್ಚಿದ್ದು ಸರಿಯಾದ ನಿರ್ಧಾರ. ಈ ಎರಡೂ ರೋಗಗಳು ಮಾವಿಗೆ ತಗಲುವುದಿಲ್ಲ.

ಹಳೆಯ ಜಂಬೇರಿಯ ಕಾಂಡದ ಮೇಲೆ ಈಗ ಹೊಸ ಕಸಿ ಕಟ್ಟಬೇಡಿರಿ. ರೋಗ ಅದರೊಳಗೆ ಅಡಗಿರಬಹುದು. ಆದರೆ ಗ್ರೀನಿಂಗ್ ಆಗಲಿ ಟ್ರಿಸ್ಟೆಜಾ ಆಗಲಿ ಬೀಜದ ಮೂಲಕ ಇಳಿಯುವುದಿಲ್ಲ. ಒಂದು ಬಲಿತ ಕಾಯಿ ಕೊಯ್ದು, ಬೀಜ ತೊಳೆದು, ಒಣಗಲು ಬಿಡದೆ ಅಂದೇ ಊರಿರಿ. ಜಂಬೇರಿಯ ಒಂದು ಬೀಜದಿಂದ ಎರಡು ಮೂರು ಮೊಳಕೆ ಬರುವುದುಂಟು, ಅವುಗಳಲ್ಲಿ ಹೆಚ್ಚಿನವು ತಾಯಿಗಿಡದ ತದ್ರೂಪವೇ ಆಗಿರುತ್ತವೆ. ಸಸಿ ಬೆಳೆದ ಮೇಲೆ ರೋಗಮುಕ್ತವೆಂದು ಪ್ರಮಾಣೀಕರಿಸಿದ ಕಿತ್ತಲೆಯ ಕಣ್ಣು ತಂದು ನಾನೇ ಬಂದು ಕಸಿ ಕಟ್ಟಿಕೊಡುತ್ತೇನೆ.

ಪ್ರಶ್ನೆ ಕೇಳಿದವರ ಮಾತು: ಬಾವಿಕಟ್ಟೆ

ತಮ್ಮ ಉತ್ತರವನ್ನು ಐವರನ್ನೂ ಕೂರಿಸಿ ಗಟ್ಟಿಯಾಗಿ ಓದಿದೆ. ದೊಡ್ಡಪ್ಪ ಎರಡನೆಯ ಸಲ ಓದಲು ಹೇಳಿದರು. ವಿರೋಧಿ ಸಂವತ್ಸರದ ಪುಟವನ್ನು ತಂದೆಯವರು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ‘ಅಪ್ಪಗ ಇದನ್ನ ಯಾರೂ ಹೇಳಲಿಲ್ಲ’ ಎಂದಷ್ಟೇ ಅಂದರು.

ಬಾವಿ ಮತ್ತು ಕಾಡಲಿಂಬಿ ಇರುವ 2 ಗುಂಟೆಯನ್ನು ವಾಟಣಿ ಪತ್ರದಲ್ಲಿ ಐವರಿಗೂ ಸಾಮಾಯಿಕವಾಗಿ (ಜಂಟಿಯಾಗಿ) ಉಳಿಸುವುದೆಂದು ನಿರ್ಧಾರವಾಗಿದೆ. ಅತ್ತೆಯವರೇ ಕಾಯಿ ಆರಿಸಿ, ಹನ್ನೆರಡು ಬೀಜಗಳನ್ನು ಮಸಾರಿ ಮಣ್ಣು ಮತ್ತು ಕೊಳೆತ ಗೊಬ್ಬರ ಬೆರೆಸಿದ ಒಂದು ಹಳೆಯ ಬುಟ್ಟಿಯಲ್ಲಿ ಊರಿದ್ದರು. ಇಂದು ಮುಂಜಾನೆ ಅವರು ಮೊಳಕೆಗಳನ್ನು ಬೆರಳಿನಿಂದ ಮುಟ್ಟಿ ಎರಡು ಸಲ ಎಣಿಸಿದರು. ಹತ್ತೊಂಬತ್ತು ಇವೆ.